ಕಲೆಕ್ಟರಿನಲ್ಲಿ ಒಂಬತ್ತೂವರೆ

ಮೂಡುಬಿದಿರೆ
12 ಆಗಸ್ಟ್ 2024

ಡೊಂಬಯ್ಯ ಮಾವನಿಗೆ ಸುಪ್ರೀತಾಳ ನಮಸ್ಕಾರಗಳು.

ನಿಮಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಮೆಸೇಜ್ ಹಾಕಿದರೆ ನೀವು ನೋಡುವುದಿಲ್ಲ. "ಅಣ್ಣನಿಗೆ ಕಾಗದ ಬರೆ, ಕಿವಿ ಹೋದ ಮೇಲೆ ಅವರು ಕಾಗದವನ್ನಾದರೆ ಎರಡು ಸಲ ಓದ್ತಾರೆ" ಎಂದು ಅಮ್ಮ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಇಲ್ಲಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನನಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ತಾತ್ಕಾಲಿಕ, ಡಿಸೆಂಬರಿಗೆ ಪುನಃ ಆರ್ಡರ್ ಕೊಡಬೇಕು. ಎರಡನೇ ವರ್ಷದವರಿಗೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಪ್ರಯೋಗ ಉಂಟು. ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್ (ಬೇಸಿಗೆ 39 ಸಾವಿರ ಮತ್ತು 10 ಸಾವಿರ ಓಮ್, ಕಲೆಕ್ಟರಿಗೆ 3.3 ಸಾವಿರ, ಎಮಿಟರಿಗೆ ಒಂದು ಸಾವಿರ), ಹನ್ನೆರಡು ವೋಲ್ಟ್ ಸಪ್ಲೈ. ಬೇಸ್, ಎಮಿಟರ್, ಕಲೆಕ್ಟರ್ ಮೂರರ ವೋಲ್ಟೇಜ್ ಅಳೆದು ಬರೆಯಬೇಕು. ನಮ್ಮಲ್ಲಿರುವ ಬೋರ್ಡುಗಳಲ್ಲಿ ಮಾಡೆಲ್ ರೆಕಾರ್ಡಿನಲ್ಲಿ ಇದ್ದ ಹಾಗೆ ಬರುವುದೇ ಇಲ್ಲ. ನಾನು ಅಳೆಯುವುದೇ ತಪ್ಪೋ ಏನೋ. ಇಲ್ಲಿ ಯಾರನ್ನಾದರೂ ಕೇಳಲು ನಾಚಿಕೆ. ನಿಜ ಹೇಳುವುದಾದರೆ, ಬಿ.ಇ.ಯಲ್ಲಿ ನಾನು ಈ ಪ್ರಯೋಗ ಮಾಡಿದವಳಲ್ಲ. ಪಕ್ಕದವಳ ರೆಕಾರ್ಡ್ ನೋಡಿ ಬರೆದವಳು.

ಈ ವೋಲ್ಟೇಜುಗಳು ಎಲ್ಲಿಂದ ಬರುತ್ತವೆ ಎಂದು ನನಗೆ ಅರ್ಥವಾಗುವ ಹಾಗೆ ಬರೆದು ಕಳಿಸುತ್ತೀರಾ?

ನಿಮ್ಮ
ಸುಪ್ರೀತಾ


ಪುಂಜಾಲಕಟ್ಟೆ
17 ಆಗಸ್ಟ್ 2024

ಸುಪ್ರೀತಾ,

ನಿನ್ನ ಕಾಗದ ಓದಿ ಹೇಸಿಗೆಯಾಯಿತು. ಹೀಗೆ ಬರೆದೆನೆಂದು ಬೇಸರ ಮಾಡಿಕೊಂಡರೆ ಮಾಡಿಕೋ. ನಾಲ್ಕು ವರ್ಷ ಓದಿ ಇಂಜಿನಿಯರ್ ಆದವಳು ಮೂರು ವೋಲ್ಟೇಜಿನ ಅರ್ಥವನ್ನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಹತ್ತಿರ ಕೇಳುವುದೇ? ಕೇಳಿದ್ದು ತಪ್ಪಲ್ಲ. ಅಳೆಯದೆ ಬರೆದದ್ದು, ಬರೆದದ್ದಕ್ಕೆ ಯಾರೋ ಸಹಿ ಹಾಕಿದ್ದು, ಅದರ ಮೇಲೆ ನೀನೀಗ ಮಕ್ಕಳಿಗೆ ಕಲಿಸಲು ಕೂತದ್ದು, ಅದು ಹೇಸಿಗೆ.

ಸರಿ, ಕೇಳು. ಕಿವಿ ಕೆಟ್ಟ ಮೇಲೆ ನಾನು ಆಂಪ್ಲಿಫೈಯರ್ ರಿಪೇರಿ ಮಾಡುವುದು ಮೀಟರ್ ಒಂದನ್ನೇ ನಂಬಿ. ಹಾಗಾಗಿ ಈ ಲೆಕ್ಕ ನನಗೆ ಬಾಯಿಪಾಠ.

ಹನ್ನೆರಡು ವೋಲ್ಟಿನಿಂದ ಕೆಳಗಿನ ಸೊನ್ನೆಯವರೆಗೆ ಎರಡು ರೆಸಿಸ್ಟರ್ ಸಾಲಾಗಿ ನಿಂತಿರುತ್ತವೆ. ಮೇಲಿನದು 39 ಸಾವಿರ ಓಮ್, ಕೆಳಗಿನದು 10 ಸಾವಿರ. ಒಟ್ಟು 49 ಪಾಲಿನಲ್ಲಿ ಕೆಳಗಿನದಕ್ಕೆ ಹತ್ತು ಪಾಲು. ಹನ್ನೆರಡರಲ್ಲಿ ಅಷ್ಟು ಪಾಲೆಂದರೆ ಸುಮಾರು 2.4 ವೋಲ್ಟ್. ಅವೆರಡರ ನಡುವಿನ ಜಾಗವೇ ಬೇಸ್. ಕೆಲಸ ಮಾಡುತ್ತಿರುವ ಟ್ರಾನ್ಸಿಸ್ಟರಿನಲ್ಲಿ ಎಮಿಟರ್ ಯಾವತ್ತೂ ಬೇಸಿಗಿಂತ 0.6, 0.7 ಕೆಳಗೆ ಇರುತ್ತದೆ. ಎಂದರೆ 1.7. ಎಮಿಟರಿನ ಕೆಳಗೆ ಒಂದು ಸಾವಿರ ಓಮ್ ಉಂಟಲ್ಲ, ಹಾಗಾದರೆ ಅದರಲ್ಲಿ ಹರಿಯುವುದು 1.7 ಮಿಲಿ ಆಂಪಿಯರ್. ಆ ಕರೆಂಟ್ ಬಂದದ್ದು ಮೇಲಿನಿಂದ, ಕಲೆಕ್ಟರಿನ 3.3 ಸಾವಿರ ಓಮಿನ ಮೂಲಕ. ಅಲ್ಲಿ 5.6 ವೋಲ್ಟ್ ಖರ್ಚು. ಹನ್ನೆರಡರಲ್ಲಿ ಅದನ್ನು ಕಳೆದರೆ ಕಲೆಕ್ಟರಿನಲ್ಲಿ 6.4 ಉಳಿಯಬೇಕು. ಆ ವೋಲ್ಟೇಜಿಗೆ ಮೇಲೆ ಹೋಗಲೂ ಕೆಳಗೆ ಬರಲೂ ಜಾಗವಿದ್ದರೆ ಮಾತ್ರ ಸ್ವರ ಒಡೆಯದೆ ದೊಡ್ಡದಾಗುತ್ತದೆ. ಆ ಜಾಗಕ್ಕಾಗಿ ಇಷ್ಟೆಲ್ಲ.

ಇನ್ನು ನಿನ್ನ ಬೋರ್ಡಿನಲ್ಲಿ ಎಷ್ಟು ಬಂತು ಎಂದು ಬರೆ. ಮಾಡೆಲ್ ರೆಕಾರ್ಡಿನದ್ದು ಬೇಡ. ಮೀಟರಿನದ್ದು.

ಡೊಂಬಯ್ಯ


ಮೂಡುಬಿದಿರೆ
22 ಆಗಸ್ಟ್ 2024

ಮಾವನಿಗೆ ನಮಸ್ಕಾರ.

ಬೈದರೂ ಹೇಳಿಕೊಟ್ಟಿರಲ್ಲ, ಸಂತೋಷ. ಮಧ್ಯಾಹ್ನ ಊಟ ಬಿಟ್ಟು ಕೂತು ಒಂಬತ್ತು ಬೋರ್ಡು ಅಳೆದೆ. ಬೇಸ್ 1.5. ಎಮಿಟರ್ 0.9. ಕಲೆಕ್ಟರ್ 9.5. ಒಂದೆರಡರಲ್ಲಿ ಸ್ವಲ್ಪ ಆಚೀಚೆ, ಅಷ್ಟೆ. ಬೇಸಿಗೂ ಎಮಿಟರಿಗೂ ನೀವು ಹೇಳಿದ 0.6 ಅಂತರ ಉಂಟು, ಹಾಗಾಗಿ ಟ್ರಾನ್ಸಿಸ್ಟರ್ ಸತ್ತಿಲ್ಲ. ಆದರೆ ಸಿಗ್ನಲ್ ಕೊಟ್ಟರೆ ಕೊಟ್ಟಷ್ಟೇ ಹೆಚ್ಚುಕಡಿಮೆ ಹೊರಗೆ ಬರುತ್ತದೆ. ಬೋರ್ಡೆಂದರೆ ಹಳದಿ ಶೀಟಿನ ಮೇಲೆ ಸರ್ಕಿಟಿನ ಚಿತ್ರ, ಅಡಿಯಲ್ಲಿ ಮರದ ಪೆಟ್ಟಿಗೆ, ನಾಲ್ಕು ಸ್ಕ್ರೂ. ಒಟ್ಟು ಇಪ್ಪತ್ತನಾಲ್ಕು. ನಾಲ್ಕು ವರ್ಷ ಹಿಂದೆ ಬಂದವು ಎಂದು ಸ್ಟಾಕ್ ಪುಸ್ತಕದಲ್ಲಿ ಉಂಟು.

ಆ ಮೇಲೆ ಹಳೆಯ ರೆಕಾರ್ಡುಗಳ ಕಟ್ಟು ಬಿಚ್ಚಿ ನೋಡಿದೆ. ನಾಲ್ಕು ವರ್ಷದ ಎಲ್ಲರ ಪುಸ್ತಕದಲ್ಲೂ 2.4, 1.7, 6.4. ಒಬ್ಬನಾದರೂ 2.3 ಎಂದು ಬರೆಯಬೇಡವೇ? ಒಬ್ಬನಂತೂ ಹಿಂದಿನ ವರ್ಷದವನ ಹೆಸರನ್ನೂ ತಾರೀಕನ್ನೂ ಸಹ ಹಾಗೆಯೇ ನಕಲು ಮಾಡಿದ್ದಾನೆ. ಅದಕ್ಕೂ ಕೆಂಪು ಶಾಯಿಯ ಸಹಿ ಬಿದ್ದಿದೆ. ಆ ಪುಸ್ತಕ ಮುಟ್ಟಿದ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

ವಿಭಾಗದ ಮುಖ್ಯಸ್ಥ ಜಿತೇಶ್ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ನೀವು ಎಂತಕ್ಕೆ ತಲೆಬಿಸಿ ಮಾಡ್ತೀರಿ ಮಾರಾಯ್ರೆ? ಮಾಡೆಲ್ ರೀಡಿಂಗ್ ಉಂಟಲ್ಲ, ಅದನ್ನೇ ಬರೆಸಿ. ಪರೀಕ್ಷೆಗೆ ಬರುವವರೂ ಅದನ್ನೇ ನೋಡುವುದು" ಎಂದರು.

ಈ ಸಲದವರಲ್ಲಿ ಒಬ್ಬಳು ಮಾತ್ರ ಬೇರೆ ಬರೆದಿದ್ದಳು. ಅದನ್ನು ಸರಿ ಮಾಡಲು ಹೇಳಿದ್ದೇನೆ.

ಬೋರ್ಡಿಗೆ ಏನಾಗಿದೆ ಮಾವ?

ಸುಪ್ರೀತಾ


ಪುಂಜಾಲಕಟ್ಟೆ
4 ಸೆಪ್ಟೆಂಬರ್ 2024

ಸುಪ್ರೀತಾ,

ಉತ್ತರ ತಡವಾಯಿತು. ಅಂಗಡಿಯಲ್ಲಿ ಕೆಲಸವಿತ್ತು.

ಕಾಲೇಜಿನ ಸಾಮಾನಿನ ತಂಟೆಗೆ ಹೋಗಬೇಡ. ಪೆಟ್ಟಿಗೆ ಬಿಚ್ಚಬೇಡ. ಹಳೆಯ ಬೋರ್ಡು, ಏನೇನೋ ಆಗಿರುತ್ತದೆ. ನಿನ್ನ ಕೆಲಸ ಹೊಸತು. ನಿಮ್ಮ ಸರ್ ಹೇಳಿದ ಹಾಗೆ ಮಾಡೆಲ್ ರೀಡಿಂಗ್ ಬರೆಸಿದರೆ ಯಾರಿಗೂ ನಷ್ಟವಿಲ್ಲ. ಲೆಕ್ಕ ನಿನಗೆ ಅರ್ಥವಾಯಿತಲ್ಲ, ಸಾಕು.

ಡೊಂಬಯ್ಯ


ಮೂಡುಬಿದಿರೆ
9 ಸೆಪ್ಟೆಂಬರ್ 2024

ಮಾವ,

ಹಿಂದಿನ ಕಾಗದ ಬರೆದವರೂ ಈ ಕಾಗದ ಬರೆದವರೂ ಒಬ್ಬರೇ ಎಂದು ನಂಬಲಿಕ್ಕಾಗಲಿಲ್ಲ. ಅಮ್ಮ ನಿಮಗೆ ಏನಾದರೂ ಹೇಳಿ ಕಳಿಸಿದರೇ? ಕೆಲಸ ಹೋದೀತು, ಹುಡುಗಿಗೆ ಬುದ್ಧಿ ಹೇಳಿ ಎಂದು? ಅಮ್ಮನಿಗೆ ನನ್ನ ಡಿಸೆಂಬರಿನ ಆರ್ಡರಿನದ್ದೇ ಚಿಂತೆ. ನೀವೂ ಅವರೊಟ್ಟಿಗೆ ಸೇರಿದ್ದೀರೆಂದರೆ ಅಸಹ್ಯವಾಗುತ್ತದೆ. "ಮೀಟರಿನದ್ದು ಬರೆ" ಎಂದವರು ಹದಿನೆಂಟು ದಿನದಲ್ಲಿ "ಯಾರಿಗೂ ನಷ್ಟವಿಲ್ಲ" ಎನ್ನುತ್ತೀರಿ.

ನೀವು ಹೇಳಿಕೊಟ್ಟ ಲೆಕ್ಕ ಹಿಡಿದೇ ನಾನು ಯೋಚಿಸಿದೆ. ಬೇಸಿನಲ್ಲಿ 2.4 ಇರಬೇಕಾದ್ದು 1.5ಕ್ಕೆ ಇಳಿಯಬೇಕಾದರೆ ಟ್ರಾನ್ಸಿಸ್ಟರ್ ಬೇಸಿನಿಂದ ವಿಪರೀತ ಕರೆಂಟ್ ಎಳೆಯುತ್ತಿರಬೇಕು. ಒಳ್ಳೆಯ ಟ್ರಾನ್ಸಿಸ್ಟರ್ ಹಾಗೆ ಎಳೆಯುವುದಿಲ್ಲ. ಒಂದು ಹಾಳಾಗಬಹುದು, ಇಪ್ಪತ್ತನಾಲ್ಕೂ ಒಂದೇ ರೀತಿ ಹಾಳಾಗುವುದು ಹೇಗೆ?

ಶನಿವಾರ ಮಧ್ಯಾಹ್ನ ಕ್ಲಾಸಿಲ್ಲ. ಪೆಟ್ಟಿಗೆ ಬಿಚ್ಚುತ್ತೇನೆ.

ಸುಪ್ರೀತಾ


ಮೂಡುಬಿದಿರೆ
15 ಸೆಪ್ಟೆಂಬರ್ 2024

ಡೊಂಬಯ್ಯನವರಿಗೆ,

ಬಿಚ್ಚಿದೆ.

ಮೇಲಿನ ಲೇಬಲ್ಲಿನಲ್ಲಿರುವ ನಂಬರ್ ಬೇರೆ, ಕೂತಿರುವ ಟ್ರಾನ್ಸಿಸ್ಟರ್ ಬೇರೆ. ಎರಡೂ ನೋಡಲಿಕ್ಕೆ ಒಂದೇ. ಆದರೆ ಒಂದರ ಕಲೆಕ್ಟರ್ ಇರುವ ಕಡೆ ಇನ್ನೊಂದರ ಎಮಿಟರ್. ಎಂದರೆ ಇಪ್ಪತ್ತನಾಲ್ಕು ಟ್ರಾನ್ಸಿಸ್ಟರುಗಳೂ ನಾಲ್ಕು ವರ್ಷದಿಂದ ತಿರುಗಾಮುರುಗಾ ಕೂತಿವೆ. ಹಾಗೆ ಕೂತರೆ ಒಂದಿಷ್ಟು ಕರೆಂಟ್ ಹರಿಯುತ್ತದೆ, ಜೀವ ಇದ್ದ ಹಾಗೆ ಕಾಣುತ್ತದೆ, ಆದರೆ ಸ್ವರ ದೊಡ್ಡದು ಮಾಡುವ ಕೆಲಸ ಆಗುವುದಿಲ್ಲ. ಇದು ನನಗೆ ತಿಳಿಯಲು ಮೂರು ವಾರ ಬೇಕಾಯಿತು. ನಿಮಗೆ ನನ್ನ ಮೂರು ಅಂಕಿ ನೋಡಿದ ಕೂಡಲೇ ಗೊತ್ತಾಗಿರಬೇಕು.

ಯಾಕೆಂದರೆ ಬೋರ್ಡಿನ ಅಡಿಯಲ್ಲಿ ಮಾರ್ಕರಿನಲ್ಲಿ ಬರೆದಿದೆ: "ಪರೀಕ್ಷಿಸಿದೆ. ಸರಿ ಇದೆ. ಡೊಂ. ಪುಂಜಾಲಕಟ್ಟೆ."

ಇನ್ನೊಂದು ಬಿಚ್ಚಿದೆ. ಅದರಲ್ಲೂ. ಮೂರನೆಯದನ್ನು ಬಿಚ್ಚಲು ಮನಸ್ಸಾಗಲಿಲ್ಲ.

ನನ್ನ ಕಾಗದ ಓದಿ ಹೇಸಿಗೆಯಾಯಿತು ಎಂದು ಬರೆದಿದ್ದಿರಿ.

ಸುಪ್ರೀತಾ


ಪುಂಜಾಲಕಟ್ಟೆ
6 ಅಕ್ಟೋಬರ್ 2024

ಸುಪ್ರೀತಾ,

ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ನನ್ನ ತಪ್ಪು ಸ್ವಲ್ಪ ಸಣ್ಣದಾಗಿ ಕಾಣುವ ಹಾಗೆ ಬರೆದಿದ್ದೆ. ಇದರಲ್ಲಿ ಆದದ್ದಷ್ಟೇ ಬರೆಯುತ್ತೇನೆ.

ಆಗ ಕಿವಿ ಪೂರ್ತಿ ಹೋಗಿ ಎರಡು ವರ್ಷ. ಮದುವೆ ಮನೆಗಳಿಗೆ ಮೈಕ್ ಇಡುವ ಉಮ್ಮರ್ ಇಪ್ಪತ್ತು ವರ್ಷ ನನ್ನಲ್ಲೇ ರಿಪೇರಿ ಮಾಡಿಸಿದವನು. ಅವನೂ ಆಂಪ್ಲಿಫೈಯರನ್ನು ಬಂಟ್ವಾಳಕ್ಕೆ ಕೊಂಡುಹೋಗಲು ಶುರು ಮಾಡಿದ. ಪೇಟೆಯಲ್ಲಿ ಜನ ಏನು ಹೇಳುತ್ತಾರೆಂದು ಅವರ ತುಟಿ ನೋಡಿದರೆ ನನಗೆ ತಿಳಿಯುತ್ತಿತ್ತು. ಕೆವುಡನ ಹತ್ತಿರ ಮೈಕ್ ರಿಪೇರಿಯಾ ಎಂದು ನಗುತ್ತಿದ್ದರು. ಅಂಥ ಹೊತ್ತಿನಲ್ಲಿ ಕಾಲೇಜುಗಳಿಗೆ ಸಾಮಾನು ಸರಬರಾಜು ಮಾಡುವ ಒಬ್ಬ ಬಂದು, ಇಪ್ಪತ್ತನಾಲ್ಕು ಬೋರ್ಡು ಮಾಡಿ ಕೊಡಿ ಎಂದ. ಕಾಲೇಜಿನ ಮಕ್ಕಳು ನಾನು ಮಾಡಿದ್ದರಲ್ಲಿ ಕಲಿಯುತ್ತಾರೆ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಇಲ್ಲಿನ ಹೋಟೆಲಿನವನಿಗೂ ಹೇಳಿದ್ದೆ.

ಮೂರನೇ ಬೋರ್ಡು ಮುಗಿಸಿ ಅಳೆದಾಗ ಕಲೆಕ್ಟರಿನಲ್ಲಿ ಒಂಬತ್ತೂವರೆ. ಟ್ರಾನ್ಸಿಸ್ಟರ್ ಕೈಯಲ್ಲಿ ಹಿಡಿದು ನಂಬರ್ ನೋಡಿದೆ, ತಿಳಿಯಿತು. ಅವನು ಕೊಟ್ಟ ಚೀಲದಲ್ಲಿದ್ದದ್ದು ಬೇರೆ ಜಾತಿಯದು. ಬಸ್ಸು ಹಿಡಿದು ಅವನ ಹತ್ತಿರ ಹೋದೆ. ತಿರುಗಿಸಿ ಕೂರಿಸಿದರೆ ಸರಿಯಾಗುತ್ತದೆ, ಒಂದೊಂದಕ್ಕೆ ಎರಡು ನಿಮಿಷ ಸಾಕು ಎಂದೆ. ಅವನು ನನಗೆ ತಿಳಿಯಲೆಂದು ಒಂದು ಕಾಗದದ ಹಿಂದೆ ಬರೆದ: "ತಿರುಗಿಸಬೇಡಿ ಡೊಂಬಯ್ಯಣ್ಣ. ಯಾರಾದರೂ ಬಿಚ್ಚಿ ನೋಡಿದರೆ ಮೇಲಿನ ಚಿತ್ರದಲ್ಲಿ ಇದ್ದ ಹಾಗೆ ಕಾಣಬೇಕು. ಮಕ್ಕಳು ಅಳೆಯುವುದಿಲ್ಲ."

ನಾನು ಹಿಂದೆ ಬಂದು ಉಳಿದ ಇಪ್ಪತ್ತೊಂದನ್ನೂ ಹಾಗೆಯೇ ಕೂರಿಸಿದೆ. ಇಲ್ಲ ಎಂದಿದ್ದರೆ ಅವನು ಬೇರೆಯವರನ್ನು ಹುಡುಕುತ್ತಿದ್ದ, ಕೆವುಡನಿಗೆ ಆಗಲಿಲ್ಲ ಎಂದು ಊರಿಡೀ ಹೇಳುತ್ತಿದ್ದ. ಅಷ್ಟಕ್ಕೇ ಹೆದರಿದ್ದು. ಮತ್ತೆ ಪ್ರತಿಯೊಂದರ ಅಡಿಯಲ್ಲಿ ಪರೀಕ್ಷಿಸಿದೆ ಎಂದು ಬರೆದೆ. ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ. ಅದು ನನ್ನದೇ ಕೊಳಕು.

ನಿನಗೆ ಬೈದು ಬರೆದಾಗ ಇದು ಆ ಕಾಲೇಜು ಎಂದು ಗೊತ್ತಿರಲಿಲ್ಲ. ಹಳದಿ ಶೀಟು, ಮರದ ಪೆಟ್ಟಿಗೆ ಎಂದು ಓದಿದಾಗ ಗೊತ್ತಾಯಿತು. ಆ ಮೇಲೆ ಬರೆದ ಕಾಗದವನ್ನು ನಿನ್ನಮ್ಮ ಬರೆಸಿದ್ದಲ್ಲ.

ಇದರೊಟ್ಟಿಗೆ ನಿಮ್ಮ ಪ್ರಿನ್ಸಿಪಾಲರಿಗೆ ಒಂದು ಕಾಗದ ಇಟ್ಟಿದ್ದೇನೆ. ತಪ್ಪು ನನ್ನದು, ಒಂದು ದಿನ ಬಿಟ್ಟುಕೊಟ್ಟರೆ ಬಂದು ಎಲ್ಲವನ್ನೂ ತಿರುಗಿಸಿ ಕೊಡುತ್ತೇನೆ ಎಂದು. ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಡೊಂಬಯ್ಯ


ಮೂಡುಬಿದಿರೆ
14 ಅಕ್ಟೋಬರ್ 2024

ಮಾವ,

ನಿಮ್ಮ ಕಾಗದ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ಬಂದೆ.

ನಾನೂ ನನ್ನದೊಂದು ತಪ್ಪನ್ನು ನಿಮಗೆ ಬರೆಯಬೇಕು. ಒಬ್ಬಳು ಬೇರೆ ಬರೆದಿದ್ದಳು, ಸರಿ ಮಾಡಲು ಹೇಳಿದೆ ಎಂದು ಬರೆದಿದ್ದೆನಲ್ಲ. ಅವಳ ಹೆಸರು ವಿಸ್ಮಿತಾ. ಮನೆ ಚಾರ್ಮಾಡಿಯಲ್ಲಿ. ಬೆಳ್ತಂಗಡಿಯ ಚಿಕ್ಕಮ್ಮನ ಮನೆಯಿಂದ ಕಾಲೇಜಿಗೆ ಬರುತ್ತಾಳೆ. ಅವಳು ಬರೆದದ್ದು 1.5, 0.9, 9.5. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ತಪ್ಪು, ಪುನಃ ಮಾಡಿ" ಎಂದು ಬರೆದೆ. ಪುನಃ ಅಳೆದು ಅದನ್ನೇ ಬರೆದು ತಂದಳು. "ಮೇಡಂ, ಮೀಟರ್ ತೋರಿಸಿದ್ದನ್ನೇ ಬರೆದದ್ದು" ಎಂದಳು.

"ಎಲ್ಲರಿಗೂ ಸರಿ ಬಂದದ್ದು ನಿಂಗೆ ಮಾತ್ರ ಬರಲಿಲ್ವಾ?" ಎಂದು ನಾನು ಎಲ್ಲರೆದುರು ಕೇಳಿದೆ. ಕ್ಲಾಸಿಡೀ ನಕ್ಕಿತು. ಆಗ ನನಗೆ ಗೊತ್ತಿತ್ತು ಮಾವ. ನಿಮಗೆ ಆ ಅಂಕಿಗಳನ್ನು ಬರೆದು ಕಳಿಸಿದ ಮರುದಿನದ ಮಾತು ಇದು. ಮೂರನೇ ಸಲವೂ ಅವಳು ಅದನ್ನೇ ತಂದಾಗ ಸೊನ್ನೆ ಕೊಟ್ಟೆ. ಅದರಿಂದ ಅವಳ ಇಂಟರ್ನಲ್ ಅಂಕ ಕಡಿಮೆಯಾಗಿ ಪರೀಕ್ಷೆಗೆ ಕೂರುವ ಹಾಗಿಲ್ಲ. ಎರಡು ವಾರದಿಂದ ಲ್ಯಾಬಿಗೆ ಬರುತ್ತಿಲ್ಲ.

ನಿನ್ನೆ ಆದಿತ್ಯವಾರ ಬೆಳ್ತಂಗಡಿಗೆ ಹೋಗಿದ್ದೆ. ಚಿಕ್ಕಮ್ಮ ಅಮ್ಮಣಿ ಒಳಗೆ ಕರೆದು ಕೂರಿಸಿದರು. ವಿಸ್ಮಿತಾ ಬಾಗಿಲ ಹತ್ತಿರವೇ ನಿಂತಳು. ತಪ್ಪಾಯಿತು, ನೀನು ಬರೆದದ್ದೇ ಸರಿ ಎಂದೆ. ಅವಳು, "ಬೈದದ್ದು ಎಲ್ಲರೆದುರು. ಈಗ ಇಲ್ಲಿ ಒಬ್ಬರೇ ಬಂದು ಹೇಳಿದರೆ ಹೇಗೆ ಮೇಡಂ?" ಎಂದಳು.

ಅಮ್ಮಣಿ ಗದರಿಸಿದರು. ಗದರಿಸಬೇಡಿ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕೂತು, ನಿಮ್ಮ ಬಗ್ಗೆ ಪಟ್ಟ ಅಸಹ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಪಾಲಿನದು ಎಂದು ಗೊತ್ತಾಯಿತು. ಅದರಿಂದ ನಿಮ್ಮದೇನೂ ಕಡಿಮೆಯಾಗಲಿಲ್ಲ.

ಸುಪ್ರೀತಾ


ಮೂಡುಬಿದಿರೆ
20 ನವೆಂಬರ್ 2024

ಮಾವನಿಗೆ ನಮಸ್ಕಾರ.

ಬರೆಯದೆ ತಿಂಗಳಾಯಿತು. ಆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ವಿಸ್ಮಿತಾಳನ್ನು ಕರೆಸಿ, ಎಲ್ಲರೆದುರು ಬೋರ್ಡು ಬಿಚ್ಚಿ ತೋರಿಸಿದೆ. ಇವಳು ಬರೆದದ್ದು ಸರಿ, ನಾನು ಬರೆಸಿದ್ದು ಸುಳ್ಳು ಎಂದೆ. ಅವಳ ರೆಕಾರ್ಡಿನಲ್ಲಿ ನನ್ನ ಕೆಂಪು ಗೆರೆಯ ಕೆಳಗೆ "ವಿದ್ಯಾರ್ಥಿನಿಯ ಅಳತೆ ಸರಿ, ನನ್ನ ತಿದ್ದುಪಡಿ ತಪ್ಪು" ಎಂದು ಬರೆದು ಸಹಿ ಹಾಕಿದೆ. ಏನಾದರೂ ಕೇಳುವುದುಂಟಾ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ, "ಹಾಗಾದ್ರೆ ರೆಕಾರ್ಡ್ ಎಲ್ಲ ಪುನಃ ಬರೀಬೇಕಾ ಮೇಡಂ?"

ಅಂಥ ಬೆಂಚಿನಲ್ಲಿ ಹಿಂದೆ ನಾನೂ ಕೂತವಳೇ.

ಅಂಕ ತಿದ್ದಿದ್ದಕ್ಕೆ ಜಿತೇಶ್ ಸರ್ ಸಹಿ ಬೇಕಿತ್ತು. ಮೂರು ದಿನ ಸತಾಯಿಸಿದರು. ಸಹಿ ಇಲ್ಲದಿದ್ದರೆ ಬೋರ್ಡು ಹಿಡಿದುಕೊಂಡು ಪರೀಕ್ಷಕರ ಎದುರು ನಿಲ್ಲುತ್ತೇನೆ ಎಂದೆ. ಹಾಕಿದರು. ವಿಸ್ಮಿತಾ ಪರೀಕ್ಷೆಗೆ ಕೂತಳು.

ಪ್ರಿನ್ಸಿಪಾಲರು ನಿಮ್ಮ ಕಾಗದ ಓದಿದರು. ಬೋರ್ಡು ಸರಿ ಮಾಡಿಸುವುದು ಬೇಡವಂತೆ. ಇನ್ನು ಆ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆ. ಪರದೆಯ ಮೇಲೆ ಚಿತ್ರ ಬರುತ್ತದೆ, ಒತ್ತಿದರೆ 2.4, 1.7, 6.4 ಬರುತ್ತದೆ, ಎಲ್ಲರಿಗೂ, ಪ್ರತಿ ಸಲವೂ. "ಇನ್ನು ಯಾರಿಗೂ ತಪ್ಪು ಬರ್ಲಿಕ್ಕಿಲ್ಲ" ಎಂದು ಜಿತೇಶ್ ಸರ್ ನಗುತ್ತಾ ಹೇಳಿದರು. ಡಿಸೆಂಬರಿನಿಂದ ನನಗೆ ಆರ್ಡರ್ ಇಲ್ಲ. ಅಮ್ಮ ಮಾತಾಡುತ್ತಿಲ್ಲ.

ಬೋರ್ಡುಗಳನ್ನು ಗುಜರಿಗೆಂದು ಹೊರಗೆ ಪೇರಿಸಿದ್ದರು. ಕೇಳಿ ಆರನ್ನು ತೆಗೆದುಕೊಂಡೆ. ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ವಿಸ್ಮಿತಾ ಇವನ್ನು ಮಾಡಿದವರು ಯಾರೆಂದು ಕೇಳಿದಳು. ಹೇಳಿದೆ. ನೋಡಬೇಕು ಎಂದಳು. ಬಂದರೆ ಒಳಗೆ ಕರೆಯಿರಿ.

ಸುಪ್ರೀತಾ


ಪುಂಜಾಲಕಟ್ಟೆ
8 ಡಿಸೆಂಬರ್ 2024

ಸುಪ್ರೀತಾ,

ಆ ಹುಡುಗಿ ನಿನ್ನೆ ಬೆಳಿಗ್ಗೆ ಬಂದಳು. ಬೆಳ್ತಂಗಡಿಯಿಂದ ಬಂಟ್ವಾಳದ ಬಸ್ಸು ಹತ್ತಿ ಇಲ್ಲಿ ಇಳಿದಳಂತೆ. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ನಾನು ಏನೇನೋ ಹೇಳಬೇಕು ಎಂದು ಯೋಚಿಸಿ ಇಟ್ಟಿದ್ದೆ. ಅವಳು ಮೊದಲೇ ಬರೆದು ತಂದಿದ್ದ ಚೀಟಿ ತೋರಿಸಿದಳು: "ಅಳೆದ ಮೇಲೆಯೂ ಸರಿ ಇದೆ ಅಂತ ಯಾಕೆ ಬರೆದಿರಿ?"

ಅವಳ ಪೆನ್ನು ತೆಗೆದುಕೊಂಡು ಕೆಳಗೆ ಬರೆದೆ: "ಹೆದರಿಕೆಯಿಂದ." ಓದಿದಳು. ಸಮಾಧಾನವಾದ ಹಾಗೆ ಕಾಣಲಿಲ್ಲ. ಚೀಟಿಯನ್ನು ಅಲ್ಲಿಯೇ ಬಿಟ್ಟು ಸೋಲ್ಡರಿಂಗ್ ಐರನ್ ಎಲ್ಲಿ ಎಂದು ಕೈಸನ್ನೆ ಮಾಡಿದಳು.

ಮೊದಲನೆಯದನ್ನು ನಾನು ತಿರುಗಿಸಿ ತೋರಿಸಿದೆ. ಉಳಿದ ಐದನ್ನು ಅವಳೇ ಮಾಡಿದಳು. ಎರಡರಲ್ಲಿ ತವರ ಹೆಚ್ಚಾಯಿತು, ತೆಗೆದು ಪುನಃ ಹಾಕಿದಳು. ಆ ಮೇಲೆ ಸಪ್ಲೈ ಕೊಟ್ಟು ಒಂದೊಂದನ್ನೇ ಅಳೆದು ಬರೆಯುತ್ತಾ ಬಂದಳು. ಕಲೆಕ್ಟರಿನಲ್ಲಿ 6.4. ಮುಂದಿನದು 6.5. ಮುಂದಿನದು 6.3. ನಾಲ್ಕು ವರ್ಷ ಬಿಟ್ಟು ಆ ಬೋರ್ಡುಗಳು ಮೊದಲ ಸಲ ಕೆಲಸ ಮಾಡುವುದನ್ನು ನೋಡಿ ನನಗೆ ಖುಷಿಯಾಯಿತು ಎಂದು ಹೇಳಿದರೆ ನಿನಗೆ ಹೇಸಿಗೆ ಆದೀತು. ಆದರೂ ಆಯಿತು.

ಕೊನೆಯದರಲ್ಲಿ ಮೀಟರ್ 5.8 ತೋರಿಸಿತು. ಟ್ರಾನ್ಸಿಸ್ಟರ್ ಸರಿಯೇ ಉಂಟು. ರೆಸಿಸ್ಟರುಗಳು ಬಣ್ಣದ ಗೆರೆ ಹೇಳಿದಷ್ಟೇ ಇರುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ. ಅದು ನನಗೆ ಗೊತ್ತಲ್ಲ, ಹಾಗಾಗಿ ಯೋಚಿಸುವ ಮೊದಲೇ ಬಾಯಿಂದ ಬಂತು. "ಅದು ದೊಡ್ಡ ವಿಷಯ ಅಲ್ಲ ಮಗಾ, ಆರು ಪಾಯಿಂಟ್ ನಾಲ್ಕು ಅಂತ ಬರಿ."

ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. ಕೊಳೆತದ್ದನ್ನು ತುಳಿದವರು ಕಾಲಿನ ಅಡಿ ನೋಡಿಕೊಳ್ಳುವ ಹಾಗೆ. ಕಿವಿ ಹೋದ ಮೇಲೆ ಜನರ ಮುಖ ನೋಡಿಯೇ ನಾನು ಬದುಕಿದ್ದು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ತಲೆ ತಗ್ಗಿಸಿದೆ.

ಅವಳು 5.8 ಎಂದೇ ಬರೆದಳು.

ಡೊಂಬಯ್ಯ